ಅಜ್ಜನ ಸಂದೂಕಕ್ಕೆ ಬಣ್ಣ ಬಳಿಯುವ ಮುನ್ನ

ಮನೆ ಪಾಲಾಗುವಾಗ ಹೊಲವನ್ನು ಎಕರೆ-ಗುಂಟೆಗಳ ಲೆಕ್ಕದಲ್ಲಿ ಹಂಚಬಹುದು, ಬಂಗಾರವನ್ನು ತೊಲೆಯ ಲೆಕ್ಕದಲ್ಲಿ ತೂಗಬಹುದು. ಪಡಸಾಲೆಯ ಮೂಲೆಯಲ್ಲಿ ಮೂರು ತಲೆಮಾರಿನಿಂದ ಕುಳಿತಿರುವ ಸಾಗವಾನಿ ಸಂದೂಕವನ್ನು ಹಂಚುವುದು ಹೇಗೆ? ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಹಳೆಯ ಮನೆತನಗಳಲ್ಲಿ ಈ ಪ್ರಶ್ನೆಗೆ ಬಹುಕಾಲ ಎರಡೇ ಉತ್ತರಗಳಿದ್ದವು. ಸಂದೂಕವು ಊರಿನಲ್ಲಿ ಉಳಿದ ಅಣ್ಣನ ಪಾಲಿಗೆ ಹೋಗಬೇಕು, ಇಲ್ಲವೇ ಮನೆ ಕೆಡವುವ ದಿನ ಹಳೆ ಕಟ್ಟಿಗೆ ವ್ಯಾಪಾರಿಯ ಟ್ರ್ಯಾಕ್ಟರ್ ಏರಬೇಕು. ಇತ್ತೀಚಿನ ವರ್ಷಗಳಲ್ಲಿ ಮೂರನೆಯ ಉತ್ತರವೊಂದು ರೂಢಿಗೆ ಬಂದಿದೆ. ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರುಗಳಲ್ಲಿ ನೆಲೆಸಿದ ಮಕ್ಕಳು ಅಂಥ ವಸ್ತುವನ್ನು ತಮ್ಮ ಫ್ಲ್ಯಾಟಿಗೆ ಒಯ್ದು, ಉಜ್ಜಿ, ಹೊಸ ಬಣ್ಣ ಕೊಟ್ಟು ದಿನಬಳಕೆಗೆ ಹಚ್ಚುತ್ತಿದ್ದಾರೆ. ಇದು ಸ್ವಾಗತಾರ್ಹವೇ. ಆದರೆ ಬಣ್ಣದ ಡಬ್ಬಿ ತೆರೆಯುವ ಮೊದಲು ತಿಳಿದಿರಬೇಕಾದ ಸಂಗತಿಗಳು ಕೆಲವಿವೆ. ಅವುಗಳಲ್ಲಿ ಒಂದೆರಡು ಮನೆಯ ಮಕ್ಕಳ ಆರೋಗ್ಯಕ್ಕೇ ಸಂಬಂಧಿಸಿದವು.

ಮೊದಲು ಕಟ್ಟಿಗೆಯ ವಿಚಾರ. ಕಿತ್ತೂರಿನಿಂದ ಪಶ್ಚಿಮಕ್ಕೆ ಹೊರಟರೆ ಖಾನಾಪುರ, ಅಳ್ನಾವರ, ಹಳಿಯಾಳ, ದಾಂಡೇಲಿಗಳ ಕಾಡು ದೂರವೇನಲ್ಲ. ಸಾಗವಾನಿ, ಮತ್ತಿ, ಹೊನ್ನೆ, ಸೀಸಂ ಆ ಕಾಡಿನ ಮರಗಳು. ಪೂರ್ವಕ್ಕೆ ಸವದತ್ತಿ, ರಾಮದುರ್ಗಗಳ ಕಡೆ ಸಾಗಿದಂತೆ ಎರೆಹೊಲ, ಬಯಲು. ಅಲ್ಲಿ ಕೈಗೆ ಸಿಗುತ್ತಿದ್ದುದು ಜಾಲಿ, ಬೇವು, ಹುಣಸೆ. ಹೀಗಾಗಿ ದೇಸಗತಿ ಮನೆತನದವರು, ಬೈಲಹೊಂಗಲದ ಹತ್ತಿ ವ್ಯಾಪಾರದಲ್ಲಿ ಅನುಕೂಲ ಕಂಡವರು ಸಾಗವಾನಿಯನ್ನು ತರಿಸಿ ಕಂಬ, ಬಾಗಿಲು, ತೂಗುಮಂಚ ಮಾಡಿಸಿದರು. ಉಳಿದವರ ಮನೆಯಲ್ಲಿ ಬೇವಿನ ಹೊರಸು, ಜಾಲಿಯ ಗಡಂಚಿ ಇದ್ದವು. ಎಷ್ಟೋ ವೇಳೆ ಒಂದೇ ಸಂದೂಕದಲ್ಲಿ ಎರಡು ಬಗೆಯ ಕಟ್ಟಿಗೆ ಇರುವುದೂ ಉಂಟು: ಎದುರಿನ ಹಲಗೆ ಸಾಗವಾನಿಯದು, ಹಿಂಬದಿ ಮತ್ತು ತಳ ಅಗ್ಗದ ಮರದ್ದು.

ಹಳೆಯ ಕಟ್ಟಿಗೆಯನ್ನು ಮರಳಿ ಬಳಸುವುದು ಈ ಭಾಗಕ್ಕೆ ಹೊಸದಲ್ಲ. ಮನೆ ಕಟ್ಟುವಾಗ ಹಿಂದಿನ ಮನೆಯ ತೊಲೆ, ಚೌಕಟ್ಟುಗಳನ್ನು ಬಿಡಿಸಿ ಮತ್ತೆ ಕೂಡಿಸುವುದು ವಾಡಿಕೆ. ಕಿತ್ತೂರಿನ ಕೋಟೆಯನ್ನು ನೋಡಿದವರಿಗೆ ಇದರ ಇನ್ನೊಂದು ಮುಖವೂ ಗೊತ್ತು. 1824ರ ಯುದ್ಧದ ನಂತರ ಹಾಳುಬಿದ್ದ ಅರಮನೆಯಲ್ಲಿ ಇಂದು ಕಾಣುವುದು ದಪ್ಪ ಗೋಡೆಗಳು ಮಾತ್ರ; ಅವುಗಳ ಮೇಲಿದ್ದ ಮರದ ಕೆಲಸ ಅಲ್ಲಿಲ್ಲ. ಕಟ್ಟಡದಲ್ಲಿ ಎಲ್ಲಕ್ಕಿಂತ ಮೊದಲು ಬೆಲೆ ಬರುವುದೂ, ಕೈಬದಲಾಗುವುದೂ ಕಟ್ಟಿಗೆಯೇ.

ಹಾಗಾದರೆ ಸಾಗವಾನಿಗೆ ಬಣ್ಣ ಬಳಿಯಬಹುದೇ? ಬಣ್ಣ ಬಳಿದ ಪೀಠೋಪಕರಣ ನಮ್ಮ ಸಂಪ್ರದಾಯದಲ್ಲಿ ಇಲ್ಲವೆಂದು ವಾದಿಸುವವರು ಕಲಘಟಗಿಯ ತೊಟ್ಟಿಲನ್ನು ಮರೆತಿರುತ್ತಾರೆ. ಧಾರವಾಡ ಜಿಲ್ಲೆಯ ಆ ಊರಿನ ಚಿತ್ರಗಾರರು ಸಾಗವಾನಿ ತೊಟ್ಟಿಲಿಗೆ ಅರಗಿನ ಬಣ್ಣ ಕೂಡಿಸಿ, ಅದರ ಮೇಲೆ ಕೃಷ್ಣನ ಬಾಲಲೀಲೆ, ರಾಮಾಯಣದ ಪ್ರಸಂಗ, ಹೂಬಳ್ಳಿಗಳನ್ನು ಬರೆಯುತ್ತ ಬಂದಿದ್ದಾರೆ. ಅಂಥ ತೊಟ್ಟಿಲು ಒಂದು ಮನೆಯಲ್ಲಿ ಇದ್ದರೆ ಬೀಗರು, ನೆರೆಹೊರೆಯವರೆಲ್ಲ ಬೇಡಿ ಒಯ್ದು ಮಕ್ಕಳನ್ನು ತೂಗುತ್ತಿದ್ದರು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರದು ಇನ್ನೂ ಸೂಕ್ಷ್ಮವಾದ ಕೆಲಸ. ಹಗುರ ಮರದ ಮೇಲೆ ಹುಣಸೆ ಬೀಜದ ಅಂಟು ಬೆರೆಸಿದ ಲೇಪ ಕೊಟ್ಟು, ಅದು ಒಣಗಿದ ಮೇಲೆ ಬಣ್ಣ ಹಚ್ಚುವ ಪದ್ಧತಿ ಅವರದು. ಇನ್ನು ಬಾಗಿಲು-ಕಿಟಕಿಗಳಿಗೆ ನೀಲಿ, ಹಸಿರು ಎಣ್ಣೆಬಣ್ಣ ಕೊಡುವುದಂತೂ ಹಳ್ಳಿಹಳ್ಳಿಯಲ್ಲಿ ಕಾಣುವ ಸಂಗತಿ.

ಇದಕ್ಕೂ ಇಂದಿನ ಅಂತರ್ಜಾಲದ ಚಿತ್ರಗಳಲ್ಲಿ ಕಾಣುವ ಫ್ಯಾಷನ್ನಿಗೂ ವ್ಯತ್ಯಾಸವಿದೆ. ಸೀಮೆಸುಣ್ಣದಂತೆ ಮಂದವಾಗಿ ಕಾಣುವ 'ಚಾಕ್ ಪೇಂಟ್' ಅನ್ನು ಬ್ರಿಟನ್ನಿನ ಆ್ಯನಿ ಸ್ಲೋನ್ 1990ರಲ್ಲಿ ರೂಪಿಸಿದರು. ಹಳೆಯ ಕಪಾಟನ್ನು ಹೆಚ್ಚು ಉಜ್ಜದೆಯೇ ಬಳಿಯಬಹುದು ಎಂಬುದು ಅದರ ಆಕರ್ಷಣೆ. ಯುರೋಪಿನಲ್ಲಿ ಬಣ್ಣ ಬಳಿದ ಪೀಠೋಪಕರಣ ಬಹುಮಟ್ಟಿಗೆ ಪೈನ್‌ನಂಥ ಅಗ್ಗದ, ಗಂಟುಗಳಿರುವ ಮರದ್ದಾಗಿತ್ತು. ಬಣ್ಣವು ಆ ಗಂಟನ್ನು ಮುಚ್ಚುತ್ತಿತ್ತು. ನಮ್ಮಲ್ಲಿ ನೂರು ವರ್ಷದ ಸಾಗವಾನಿಯ ಎಳೆಗಳನ್ನು ಅದೇ ಬಣ್ಣದಿಂದ ಮುಚ್ಚುವುದೆಂದರೆ ರೇಷ್ಮೆ ಸೀರೆಗೆ ಗೋಣಿಚೀಲದ ಹೊದಿಕೆ ಹಾಕಿದಂತೆ. ಈ ಲೇಖಕನ ಅಭಿಪ್ರಾಯ ಇಷ್ಟು: ಬಣ್ಣ ಕಾಣದ, ಗಟ್ಟಿಯಾದ ಸಾಗವಾನಿ ಅಥವಾ ಸೀಸಂ ವಸ್ತುವಿಗೆ ಬಣ್ಣ ಬೇಡ, ಎಣ್ಣೆ ಅಥವಾ ಅರಗಿನ ಪಾಲಿಶ್ ಸಾಕು. ಮಿಶ್ರ ಕಟ್ಟಿಗೆಯ ಸಂದೂಕ, ಬೇವಿನ ಗಡಂಚಿ, ಈಗಾಗಲೇ ನಾಲ್ಕಾರು ಸಲ ಎಣ್ಣೆಬಣ್ಣ ಕಂಡ ಕಪಾಟು, ಪ್ಲೈವುಡ್ ತೇಪೆ ಬಿದ್ದ ಮೇಜು, ಇವಕ್ಕೆ ಧಾರಾಳವಾಗಿ ಬಣ್ಣ ಕೊಡಬಹುದು. ಚಿತ್ರ ಬರೆದ ಕಲಘಟಗಿ ತೊಟ್ಟಿಲನ್ನು ಮಾತ್ರ ಯಾವ ಕಾರಣಕ್ಕೂ ಪೇಂಟರ್ ಕೈಗೆ ಕೊಡಬಾರದು. ಒಣ ಮೆತ್ತನೆಯ ಬಟ್ಟೆಯಿಂದ ಒರೆಸುವುದಕ್ಕಿಂತ ಹೆಚ್ಚಿನ ಉಪಚಾರ ಅದಕ್ಕೆ ಬೇಕಾಗಿಲ್ಲ.

ವಸ್ತು ಸಾಗವಾನಿಯದೋ ಅಲ್ಲವೋ ಎಂಬುದನ್ನು ತಿಳಿಯಲು ಮುಂಬದಿಯನ್ನು ಕೆರೆಯಬಾರದು. ಅದನ್ನು ತಲೆಕೆಳಗು ಮಾಡಿ ತಳದಲ್ಲಿ, ಕಾಲಿನ ಒಳಬದಿಯಲ್ಲಿ ಚಿಕ್ಕ ಜಾಗ ಕೆರೆದು ನೋಡಬೇಕು. ಸಾಗವಾನಿಯಾದರೆ ಚರ್ಮದಂಥ, ಎಣ್ಣೆ ಬೆರೆತ ವಾಸನೆ ಬರುತ್ತದೆ, ಬಣ್ಣ ಜೇನಿನಂತಿರುತ್ತದೆ. ಮರದ ಹೊರಭಾಗದ ಬಿಳಿ ಕಟ್ಟಿಗೆಯಿದ್ದರೆ ಅಲ್ಲಿ ಹುಳು ಕೊರೆದ ಸಣ್ಣ ತೂತುಗಳು ಕಾಣಬಹುದು. ಒಳತಿರುಳಿಗಿರುವ ನಿರೋಧಶಕ್ತಿ ಬಿಳಿ ಭಾಗಕ್ಕೆ ಇಲ್ಲ. ತೂತಿನಿಂದ ಹೊಸ ಹಿಟ್ಟು ಉದುರುತ್ತಿದ್ದರೆ ಹುಳು ಇನ್ನೂ ಒಳಗಿದೆ ಎಂದರ್ಥ. ಅದನ್ನು ನಿವಾರಿಸದೆ ಮೇಲೆ ಬಣ್ಣ ಬಳಿದರೆ ಕೆಲಸ ವ್ಯರ್ಥ.

ಈಗ ಮುಖ್ಯವಾದ ಎಚ್ಚರಿಕೆ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮವನ್ನು ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿತು. ಅದು ಜಾರಿಗೆ ಬಂದುದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಎಣ್ಣೆಬಣ್ಣಗಳಲ್ಲಿ, ವಿಶೇಷವಾಗಿ ಹಳದಿ, ಕೆಂಪು, ಹಸಿರು ಛಾಯೆಗಳಲ್ಲಿ, ಸೀಸ ಹೇರಳವಾಗಿ ಇರಬಹುದು. ನೋಟದಿಂದಾಗಲಿ ವಾಸನೆಯಿಂದಾಗಲಿ ಇದು ತಿಳಿಯುವುದಿಲ್ಲ. ಬಣ್ಣ ಗೋಡೆಯ ಮೇಲೋ ಮರದ ಮೇಲೋ ಗಟ್ಟಿಯಾಗಿ ಕುಳಿತಿರುವವರೆಗೆ ಅಪಾಯ ಕಡಿಮೆ; ಸ್ಯಾಂಡ್ ಪೇಪರ್‌ನಿಂದ ಒಣದಾಗಿ ಉಜ್ಜಿದೊಡನೆ ಅದು ಧೂಳಾಗಿ ನೆಲದ ಮೇಲೆ, ಅಲ್ಲಿಂದ ಅಂಬೆಗಾಲಿಡುವ ಮಗುವಿನ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ಮಕ್ಕಳ ಮೆದುಳಿನ ಬೆಳವಣಿಗೆಗೆ ಸೀಸ ತರುವ ಹಾನಿ ಮರಳಿ ಸರಿಪಡಿಸಲಾಗದ್ದು, ಮತ್ತು ಇಂತಿಷ್ಟು ಪ್ರಮಾಣ ಸುರಕ್ಷಿತ ಎಂಬ ಗೆರೆಯೇ ಇಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಈ ವಿಷಯದಲ್ಲಿ ದೇಶದ ಗಮನ ಸೆಳೆಯಲು ದಶಕಗಳ ಕಾಲ ಶ್ರಮಿಸಿದರು.

ಆದ್ದರಿಂದ ಹಳೆಯ ಬಣ್ಣವಿರುವ ವಸ್ತುವನ್ನು ಉಜ್ಜುವುದಾದರೆ ವಾಟರ್ ಪೇಪರ್ ಬಳಸಿ, ನೀರು ಹಚ್ಚಿಕೊಂಡೇ ಉಜ್ಜಬೇಕು. ಕೆಲಸ ಮನೆಯ ಹೊರಗೆ ನಡೆಯಬೇಕು, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿರಬೇಕು, ಮೂಗು-ಬಾಯಿಗೆ ಒಳ್ಳೆಯ ಮಾಸ್ಕ್ ಇರಬೇಕು. ಗರ್ಭಿಣಿಯರು ಮತ್ತು ಮಕ್ಕಳು ಆ ಕಡೆ ಸುಳಿಯಬಾರದು. ಯಂತ್ರದಿಂದ ಉಜ್ಜಿಸುವುದು, ಬೆಂಕಿಯ ಟಾರ್ಚ್ ಹಿಡಿದು ಬಣ್ಣ ಕರಗಿಸುವುದು ಎರಡೂ ಸಲ್ಲವು. ನಮ್ಮ ಭಾಗದ ಇನ್ನೊಂದು ರೂಢಿಯನ್ನು ಇಲ್ಲಿ ಹೇಳಲೇಬೇಕು: ಮುರಿದ ಬಾಗಿಲು, ಕಿಟಕಿಯ ತುಂಡುಗಳು ಬಚ್ಚಲ ಒಲೆಗೆ ಉರುವಲಾಗುತ್ತವೆ, ಆ ಬೂದಿಯಿಂದ ಪಾತ್ರೆ ತಿಕ್ಕುತ್ತಾರೆ. ಬಣ್ಣ ಬಳಿದ ಕಟ್ಟಿಗೆಯನ್ನು ಒಲೆಗೆ ಹಾಕಲೇಬಾರದು. ಸೀಸ ಸುಟ್ಟು ಹೋಗುವುದಿಲ್ಲ. ಹೊಗೆಯಲ್ಲಿ ಸ್ವಲ್ಪ, ಬೂದಿಯಲ್ಲಿ ಉಳಿದದ್ದು.

ಕಾಳು ತುಂಬಿಡುತ್ತಿದ್ದ ಸಂದೂಕಗಳದು ಬೇರೆಯೇ ಕಥೆ. ಜೋಳ, ಕಡಲೆಗಳಿಗೆ ನುಸಿ ಹತ್ತದಂತೆ 'ಗ್ಯಾಮೆಕ್ಸಿನ್' ಪುಡಿ ಉದುರಿಸುತ್ತಿದ್ದ ಕಾಲವೊಂದಿತ್ತು. ಆ ಬಿಎಚ್‌ಸಿ ಪುಡಿಯನ್ನು ಭಾರತದಲ್ಲಿ 1997ರಲ್ಲಿ ನಿಷೇಧಿಸಲಾಯಿತು, ಆದರೆ ಹಲಗೆಯ ಸಂದಿಯಲ್ಲಿ ಕುಳಿತದ್ದು ನಿಷೇಧದ ಆದೇಶವನ್ನು ಓದುವುದಿಲ್ಲವಲ್ಲ! ಒಳಗೆ ಬಿಳಿಯ ಪುಡಿ, ಹಳೆಯ ಔಷಧದ ಮುಗ್ಗಲು ವಾಸನೆ ಇದ್ದರೆ ಅಂಥ ಸಂದೂಕದಲ್ಲಿ ಆಹಾರ ಪದಾರ್ಥ ಅಥವಾ ಮಗುವಿನ ಹಾಸಿಗೆ ಇಡಬಾರದು. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಒಳಗೆಲ್ಲ ಅರಗಿನ ಪಾಲಿಶ್ ಎರಡು ಸಲ ಹಚ್ಚಿ, ಪುಸ್ತಕ, ಉಪಕರಣಗಳಂಥ ವಸ್ತುಗಳಿಗೆ ಮಾತ್ರ ಬಳಸುವುದು ಕ್ಷೇಮ.

ಬಣ್ಣ ಕೊಡುವ ಕೆಲಸದಲ್ಲಿ ನಿಜವಾದ ಶ್ರಮ ಇರುವುದು ಬಣ್ಣದ ಮೊದಲು. ಹಳೆಯ ವಸ್ತುಗಳ ಜೋಡಣೆಯಲ್ಲಿ ಒಂದು ಮರದ ತುದಿಯನ್ನು ಇನ್ನೊಂದರ ತೂತಿಗೆ ಕೂಡಿಸಿ ಮರದ ಮೊಳೆ ಹೊಡೆದಿರುತ್ತಾರೆ. ಅದು ಸಡಿಲಾಗಿದ್ದರೆ ಕಬ್ಬಿಣದ ಮೊಳೆ ಬಡಿಯದೆ, ಬಡಿಗೇರರಿಂದ ಬಿಚ್ಚಿಸಿ ಮತ್ತೆ ಕೂಡಿಸಬೇಕು. ಕಬ್ಬಿಣದ ಮೊಳೆ ಮುಂದೆ ತುಕ್ಕು ಹಿಡಿದು ಸುತ್ತಲಿನ ಕಟ್ಟಿಗೆಯನ್ನು ಸೀಳುತ್ತದೆ. ಬಣ್ಣ ನಿಲ್ಲದಿರಲು ಸಾಗವಾನಿಯ ಎಣ್ಣೆಯೇ ಬಹುಮಟ್ಟಿಗೆ ಕಾರಣ. ಆದ್ದರಿಂದ ಉಜ್ಜಿದ ಮೇಲೆ ಸ್ಪಿರಿಟ್ ಅಥವಾ ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಅದೇ ದಿನ ಪ್ರೈಮರ್ ಹಚ್ಚಬೇಕು. ಮರುದಿನದವರೆಗೆ ಬಿಟ್ಟರೆ ಎಣ್ಣೆ ಮತ್ತೆ ಮೇಲೆ ಬರುತ್ತದೆ. ನೀರಿನಲ್ಲಿ ಬೆರೆಯುವ ತಿಳಿಬಣ್ಣವನ್ನು ನೇರವಾಗಿ ಬಳಿದರೆ ಕೆಲವೇ ದಿನಗಳಲ್ಲಿ ಕಂದು ಕಲೆಗಳು ಮೂಡುವುದುಂಟು. ಮರದ ರಸವೇ ಬಣ್ಣದೊಳಗಿಂದ ಒಸರಿ ಬಂದಿರುತ್ತದೆ. ಮೊದಲು ಅರಗಿನ ಪಾಲಿಶ್ ಒಂದು ಸಲ ಹಚ್ಚಿದರೆ ಅದು ತಡೆಯಾಗಿ ನಿಲ್ಲುತ್ತದೆ. ಮುಂದೆ ಎಂದಾದರೂ ಬಣ್ಣ ತೆಗೆದು ಕಟ್ಟಿಗೆ ನೋಡುವ ಮನಸ್ಸಾದರೂ ಈ ಅರಗಿನ ಪದರ ಉಪಕಾರಿ, ಏಕೆಂದರೆ ಅದು ಸ್ಪಿರಿಟ್‌ನಲ್ಲಿ ಕರಗುತ್ತದೆ ಮತ್ತು ಬಣ್ಣವನ್ನು ಮರದ ರಂಧ್ರಗಳಿಗೆ ಇಳಿಯಗೊಡುವುದಿಲ್ಲ. ದಪ್ಪ ಬಣ್ಣ ಒಂದು ಸಲ ಹಚ್ಚುವುದಕ್ಕಿಂತ ತೆಳುವಾಗಿ ಎರಡು ಸಲ ಹಚ್ಚುವುದು ಲೇಸು. ಎನಾಮಲ್ ರಾತ್ರಿ ಕಳೆಯುವುದರಲ್ಲಿ ಒಣಗಿದಂತೆ ಕಂಡರೂ ಗಟ್ಟಿಯಾಗಲು ವಾರ ಬೇಕು. ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಿರುವುದರಿಂದ ದಸರೆಯಿಂದ ಹೋಳಿಯವರೆಗಿನ ದಿನಗಳೇ ಈ ಕೆಲಸಕ್ಕೆ ಯೋಗ್ಯ.

ಬಳಕೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಮನೆಯವರ ಅಗತ್ಯವೇ ದಾರಿ ತೋರಿಸುತ್ತದೆ. ನೀರಿನ ಕೊಡಗಳನ್ನಿಡುತ್ತಿದ್ದ ಗಡಂಚಿ ಬಾಲ್ಕನಿಯಲ್ಲಿ ಕುಂಡಗಳಿಗೆ ಒದಗುತ್ತದೆ. ಅಡತಿ ಅಂಗಡಿಯಲ್ಲಿ ಗಾದಿಯ ಮೇಲೆ ಕುಳಿತು ಲೆಕ್ಕ ಬರೆಯುತ್ತಿದ್ದ ಇಳಿಜಾರಿನ ಗಲ್ಲಾ ಪೆಟ್ಟಿಗೆ, ನೆಲದ ಮೇಲೆ ಕುಳಿತು ಓದುವ ಮಗುವಿಗೂ ಲ್ಯಾಪ್‌ಟಾಪ್ ಹಿಡಿದ ತಂದೆಗೂ ಹೇಳಿ ಮಾಡಿಸಿದಂತಿರುತ್ತದೆ. ರಾಮದುರ್ಗ, ಸುರೇಬಾನದಂಥ ನೇಕಾರರ ಊರುಗಳಲ್ಲಿ ಕೈಮಗ್ಗ ನಿಂತುಹೋದ ಮನೆಗಳ ಅಟ್ಟದಲ್ಲಿ ಮಗ್ಗದ ಚೌಕಟ್ಟು, ಬಟ್ಟೆ ಸುತ್ತುವ ಉರುಳೆ ಧೂಳು ತಿನ್ನುತ್ತಿರುತ್ತವೆ. ಅವು ಪುಸ್ತಕದ ಕಪಾಟಿನ ಕಂಬಗಳಾಗಬಲ್ಲವು. ಸಂದೂಕವನ್ನು ಕುಳಿತುಕೊಳ್ಳುವ ಪೀಠವಾಗಿ ಬಳಸುವವರು ಅದರ ಮುಚ್ಚಳ ತಾನಾಗಿ ಬೀಳದಂತೆ ಸರಪಳಿ ಅಥವಾ ತಡೆ ಕೂಡಿಸಬೇಕು, ಮಕ್ಕಳು ಒಳಗೆ ಅಡಗಿ ಕುಳಿತರೆ ಉಸಿರಾಡಲು ಹಿಂಬದಿಯಲ್ಲಿ ಎರಡು ತೂತುಗಳಿರಬೇಕು. ತೂಗುಮಂಚವನ್ನು ಫ್ಲ್ಯಾಟಿನ ಸ್ಲ್ಯಾಬಿಗೆ ನೇತುಹಾಕುವ ಮುನ್ನ ಎಂಜಿನಿಯರರ ಮಾತು ಕೇಳುವುದು ಒಳಿತು. ಕಾಲು ಕೂಡಿಸಿ ದಿವಾನ ಮಾಡಿಕೊಂಡರೆ ಆ ಚಿಂತೆಯೂ ಇಲ್ಲ. ವಸ್ತು ಲಿಫ್ಟಿನಲ್ಲಿ ಹಿಡಿಸುವುದಿಲ್ಲವೆಂದು ಕಾಲು ಕತ್ತರಿಸುವುದು ಮಾತ್ರ ಬೇಡ. ಮರದ ಮೊಳೆಯ ಜೋಡಣೆಯಾದರೆ ಬಿಚ್ಚಿ ಒಯ್ಯಬಹುದು.

ಮಲಪ್ರಭೆಯ ದಂಡೆಯವರಿಗೆ ಇನ್ನೊಂದು ಮಾತು. 2019ರ ಆಗಸ್ಟ್‌ನಲ್ಲಿ ನದಿ ಉಕ್ಕಿ ಮುನವಳ್ಳಿ, ರಾಮದುರ್ಗ ಮತ್ತು ಸುತ್ತಲಿನ ಊರುಗಳಿಗೆ ನುಗ್ಗಿದಾಗ ಮಣ್ಣಿನ ಮನೆಗಳು ಕುಸಿದವು. ಮನೆ ಕರಗಿದರೂ ಕಟ್ಟಿಗೆ ಉಳಿಯುತ್ತದೆ. ನೀರಲ್ಲಿ ನೆಂದ ಸಾಮಾನನ್ನು ಗಾಬರಿಯಿಂದ ಬಿಸಿಲಿಗೆ ಹಾಕಿದರೆ ಹಲಗೆ ಡೊಂಕಾಗಿ ಸೀಳುತ್ತದೆ. ಕೆಸರನ್ನು ನೀರಿನಿಂದಲೇ ತೊಳೆದು, ಖಾನೆಗಳನ್ನು ಹೊರತೆಗೆದು, ಇಟ್ಟಿಗೆಯ ಮೇಲೆ ನೆರಳಿನಲ್ಲಿ ಗಾಳಿಯಾಡುವಂತೆ ಇಡಬೇಕು. ಒಣಗಲು ವಾರಗಳಲ್ಲ, ತಿಂಗಳುಗಳು ಹಿಡಿಯಬಹುದು. ಅಲ್ಲಿಯವರೆಗೆ ಬಣ್ಣದ ಮಾತು ಎತ್ತಬಾರದು. ತೇವವನ್ನು ಒಳಗಿಟ್ಟು ಬಳಿದ ಬಣ್ಣ ಗುಳ್ಳೆಯೇಳುತ್ತದೆ, ಕಟ್ಟಿಗೆ ಒಳಗೊಳಗೇ ಕೊಳೆಯುತ್ತದೆ.

ಮಾರುವವರಿಗೂ ಕೊನೆಯದಾಗಿ ಒಂದು ಸೂಚನೆ. ಹಳೆ ಕಟ್ಟಿಗೆಯ ವ್ಯಾಪಾರಿ ಕೆತ್ತನೆಯ ಕಂಬಕ್ಕೂ ಸಾದಾ ತೊಲೆಗೂ ಒಂದೇ ದರ ಹೇಳಿದರೆ ಒಪ್ಪಿಕೊಳ್ಳುವ ಅವಸರ ಬೇಡ. ಅದೇ ಕಂಬ ದೊಡ್ಡ ನಗರದ ರೆಸಾರ್ಟಿನ ಬಾಗಿಲಲ್ಲಿ ಬೇರೆಯೇ ಬೆಲೆಗೆ ನಿಲ್ಲುತ್ತದೆ. ನೂರು ವರ್ಷ ಮೀರಿದ, ಕಲಾತ್ಮಕ ಮಹತ್ವದ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸುತ್ತದೆ. ಅಂಥವುಗಳ ವ್ಯಾಪಾರ ಮಾಡುವವರಿಗೆ ಪರವಾನಗಿ ಇರಬೇಕು, ಖಾಸಗಿಯವರು ಅವನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ಕಿತ್ತಿಟ್ಟ ಹಿತ್ತಾಳೆಯ ಚಿಲಕ, ಕಬ್ಬಿಣದ ಬಿಜಾಗರಿ, ಬೀಗದ ಕೈಗಳನ್ನು ಗುಜರಿಗೆ ಹಾಕದೆ ಬಟ್ಟೆಯ ಚೀಲವೊಂದರಲ್ಲಿ ಕಟ್ಟಿ ಸಂದೂಕದ ಒಳಗೇ ಇಡಿ. ಬಣ್ಣ ಒಣಗಿದ ಮೇಲೆ ಅವೇ ಮರಳಿ ಕೂಡಬೇಕು. ಆ ಅಳತೆಯವು ಪೇಟೆಯಲ್ಲಿ ಸಿಗುವುದು ಕಷ್ಟ.