ಚಿತ್ರಕ್ಕೆ ಹೊಂದುವ ಮಾತು

ಮಾತಿನ ಅರ್ಥವನ್ನು ಚಿತ್ರದೊಂದಿಗೆ ಜೋಡಿಸುವುದು ಗಣಕ ಭಾಷಾವಿಜ್ಞಾನದ ಒಂದು ಕವಲು. ಪಠ್ಯವನ್ನಷ್ಟೇ ಕಲಿತ ಕಂಪ್ಯೂಟರ್ ಒಂದು ಪದವನ್ನು ಇತರ ಪದಗಳ ಮೂಲಕ ಅರಿಯುತ್ತದೆಯೇ ಹೊರತು ಪದ ಸೂಚಿಸುವ ವಸ್ತುವನ್ನು ಕಾಣುವುದಿಲ್ಲ. ಸಂಕೇತಗಳು ಅನುಭವದಲ್ಲಿ ಬೇರೂರದಿದ್ದರೆ ಅರ್ಥ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಯನ್ನು ಸ್ಟೀವನ್ ಹಾರ್ನಾಡ್ 1990ರಲ್ಲಿ ಖಚಿತವಾಗಿ ಮುಂದಿಟ್ಟರು.

ಈಗ ಹೆಚ್ಚು ಬಳಕೆಯಲ್ಲಿರುವ ವಿಧಾನಕ್ಕೆ ಮಾದರಿಯಾದದ್ದು ಓಪನ್‌ಎಐ ಸಂಸ್ಥೆ 2021ರಲ್ಲಿ ಹೊರತಂದ ಕ್ಲಿಪ್. ಅದರ ಎರಡು ನರಜಾಲಗಳಲ್ಲಿ ಒಂದು ಚಿತ್ರವನ್ನೂ ಇನ್ನೊಂದು ವಾಕ್ಯವನ್ನೂ ಸಮಾನ ಉದ್ದದ ಸಂಖ್ಯಾಸಾಲುಗಳಾಗಿ ಮಾರ್ಪಡಿಸುತ್ತವೆ. ಜೊತೆಯಾಗಿ ಬಂದ ಚಿತ್ರ ಮತ್ತು ವಾಕ್ಯದ ಸಾಲುಗಳು ಹತ್ತಿರವಾಗುವಂತೆ, ಸಂಬಂಧವಿಲ್ಲದವು ದೂರ ಸರಿಯುವಂತೆ ಜಾಲಗಳನ್ನು ತಿದ್ದುತ್ತಾ ಹೋಗಲಾಗುತ್ತದೆ. ಕ್ಲಿಪ್ ಕಲಿತದ್ದು ಅಂತರಜಾಲದಿಂದ ಸಂಗ್ರಹಿಸಿದ 40 ಕೋಟಿ ಜೋಡಿಗಳಿಂದ.

ಇಂಥ ಜೋಡಿಯಲ್ಲಿ ಮಾತಿನ ಪಾಲೇನೆಂದು ನೋಡಲು ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿ ಚರ್ಚಿನ ಚಿತ್ರವನ್ನು ತೆಗೆದುಕೊಳ್ಳೋಣ. ಪಾಳು ಗೋಡೆ, ಕಮಾನು, ನೀರು ಇವನ್ನು ಯಂತ್ರ ಹೆಸರಿಸಬಲ್ಲದು. ಅಣೆಕಟ್ಟು ಕಟ್ಟಿದ ಮೇಲೆ ಈ ಜಾಗ ಮುಳುಗಡೆಯಾಯಿತು, ಮಳೆಗಾಲದಲ್ಲಿ ನೀರು ಕಟ್ಟಡವನ್ನು ಆವರಿಸಿ ಬೇಸಿಗೆಯಲ್ಲಿ ಇಳಿಯುತ್ತದೆ ಎಂಬುದು ಮಾತ್ರ ಚಿತ್ರದೊಳಗಿಲ್ಲ. ಅದು ಬರುವುದು ಚಿತ್ರಕ್ಕೆ ಮಾತು ಕೊಡುವವರಿಂದ. ಹಾಗಾಗಿ ಆ ಮಾತು ಯಾರದು, ಯಾವ ಭಾಷೆಯದು ಎಂಬುದೇ ಇಲ್ಲಿ ನಿರ್ಣಾಯಕ.

ವಸ್ತುಗಳನ್ನು ಗುರುತಿಸುವುದಕ್ಕಿಂತ ಅವುಗಳ ನಡುವಿನ ಸಂಬಂಧವನ್ನು ಹಿಡಿಯುವುದು ಕಷ್ಟ. 2022ರ ವಿನೋಗ್ರೌಂಡ್ ಪರೀಕ್ಷೆಯಲ್ಲಿ, ಅವೇ ಪದಗಳನ್ನು ಅದಲುಬದಲು ಮಾಡಿದ ಎರಡು ಇಂಗ್ಲಿಷ್ ವಾಕ್ಯಗಳನ್ನು ಎರಡು ಚಿತ್ರಗಳಿಗೆ ಹೊಂದಿಸಬೇಕಿತ್ತು. ಆಗಿನ ಹೆಸರಾಂತ ಮಾದರಿಗಳು ಕುರುಡು ಊಹೆಗಿಂತ ಹೆಚ್ಚೇನೂ ಮೇಲೇರಲಿಲ್ಲ. ಕನ್ನಡದಲ್ಲಿ ಈ ಸಂಬಂಧವನ್ನು ಹೊರುವುದು ಮುಖ್ಯವಾಗಿ ವಿಭಕ್ತಿ ಪ್ರತ್ಯಯ. ‘ನಾಯಿ ಹಸುವನ್ನು ಅಟ್ಟಿತು’, ‘ಹಸುವನ್ನು ನಾಯಿ ಅಟ್ಟಿತು’ ಇವೆರಡಕ್ಕೂ ಒಂದೇ ಚಿತ್ರ ಸಾಕು. ‘ನಾಯಿಯನ್ನು ಹಸು ಅಟ್ಟಿತು’ ಎಂದರೆ ಚಿತ್ರವೇ ಬೇರೆ. ಇಂಗ್ಲಿಷಿನ ಪದಕ್ರಮದಲ್ಲಿ ಪಳಗಿದ ಯಂತ್ರ ಇದನ್ನು ಕನ್ನಡದಿಂದಲೇ ಕಲಿಯಬೇಕು.

ಅದಕ್ಕೆ ಬೇಕಾದ ಸಾಮಗ್ರಿ ಕಡಿಮೆ. ಗೂಗಲ್ 2022ರಲ್ಲಿ ಪ್ರಕಟಿಸಿದ ಕ್ರಾಸ್‌ಮೋಡಲ್-3600 ಸಂಗ್ರಹದಲ್ಲಿ 3600 ಚಿತ್ರಗಳಿಗೆ 36 ಭಾಷೆಗಳ ಜನ ಬರೆದ ವಿವರಣೆಗಳಿವೆ. ಹಿಂದಿ, ಬಂಗಾಳಿ, ತೆಲುಗು ಅಲ್ಲಿವೆ, ಕನ್ನಡವಿಲ್ಲ. ಇಷ್ಟು ದೊಡ್ಡ ಭಾಷೆಗೆ ಇದು ಸಣ್ಣ ಕೊರತೆಯಲ್ಲ.

ಈ ಕೊರತೆ ನೀಗುವ ದಿಕ್ಕಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ ಬೆಲೆಯುಳ್ಳದ್ದು. ಆರ್ಟ್‌ಪಾರ್ಕ್ ಸಂಸ್ಥೆ ಮತ್ತು ಗೂಗಲ್ ಜೊತೆಗೂಡಿ 2022ರಲ್ಲಿ ಆರಂಭಿಸಿದ ಈ ಯೋಜನೆಯ ಗುರಿ, ದೇಶದ 773 ಜಿಲ್ಲೆಗಳ ಸುಮಾರು 10 ಲಕ್ಷ ಜನರಿಂದ 1,50,000 ಗಂಟೆಗೂ ಮೀರಿದ ಮಾತನ್ನು ಸಂಗ್ರಹಿಸುವುದು. ಇಲ್ಲಿ ಜನರಿಗೆ ಓದಲು ವಾಕ್ಯ ಕೊಡುವುದಿಲ್ಲ, ಚಿತ್ರ ತೋರಿಸುತ್ತಾರೆ. ಬರೆದದ್ದನ್ನು ಓದಿಸಿದರೆ ಪುಸ್ತಕದ ಭಾಷೆ ಬರುತ್ತದೆ. ಚಿತ್ರ ನೋಡಿದವರು ತಮ್ಮ ಸೀಮೆಯ ಮಾತನ್ನೇ ಆಡುತ್ತಾರೆ. ಸಂಗ್ರಹವಾದದ್ದು ಎಲ್ಲರಿಗೂ ಮುಕ್ತ.

ಯೋಜನೆಯ ಮುಖ್ಯ ಉದ್ದೇಶ ಮಾತನ್ನು ಗುರುತಿಸುವ ತಂತ್ರಜ್ಞಾನ. ಚಿತ್ರ ಅಲ್ಲಿ ಮಾತು ಹೊರಡಿಸುವ ಸಾಧನ. ಆದರೂ ಧ್ವನಿ ಮತ್ತು ಚಿತ್ರ ಜೋಡಿಯಾಗಿ ಉಳಿಯುವುದರಿಂದ ಕನ್ನಡದ ಅರ್ಥವನ್ನು ನೋಟಕ್ಕೆ ಹೊಂದಿಸುವ ಕೆಲಸಕ್ಕೂ ಅದು ಒದಗುತ್ತದೆ. ಅದಕ್ಕಾಗಿ ಮಾತನ್ನು ಲಿಪಿಗಿಳಿಸಬೇಕು, ಪ್ರತಿ ವಾಕ್ಯ ಚಿತ್ರದ ಯಾವ ಭಾಗವನ್ನು ಕುರಿತದ್ದೆಂದು ಗುರುತು ಹಾಕಬೇಕು, ಒಂದೇ ಚಿತ್ರಕ್ಕೆ ಹಾಸನದವರೂ ಬೀದರಿನವರೂ ಬಳಸುವ ಬೇರೆ ಬೇರೆ ಪದಗಳನ್ನು ಸರಿಯೆಂದೇ ಉಳಿಸಿಕೊಳ್ಳಬೇಕು.