ಟವೆಲ್ ಹೋಟ್ಲು

ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರನ್ನು ಕಂಡರೆ ನಮ್ಮಪ್ಪನಿಗೆ ಆಗುತ್ತಿರಲಿಲ್ಲ. ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದವರು. ಟವೆಲ್ ಎತ್ತಿ ಪಕ್ಕಕ್ಕಿಟ್ಟು, ನಿಂತಿದ್ದ ಅಜ್ಜಿಯನ್ನು ಕೂರಿಸಿ, ಟವೆಲಿನ ಯಜಮಾನರಿಂದ ಬೈಸಿಕೊಂಡ ಕಥೆಗಳನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಅಂಥವರನ್ನು 2025ರ ಜೂನ್‌ನಲ್ಲಿ ನಾನು ಕರೆದುಕೊಂಡು ಹೋಗಿದ್ದು ದುಡ್ಡು ಕೊಟ್ಟು ಕ್ಯೂ ಹಾರುವ ಊರಿಗೆ, ಅಮೆರಿಕದ ಆರ್ಲ್ಯಾಂಡೊಗೆ.

ಅಪ್ಪ-ಅಮ್ಮ ಅಟ್ಲಾಂಟಾದ ನಮ್ಮನೆಗೆ ಬಂದಿದ್ದು ಅದೇ ಮೊದಲು. ಅಪ್ಪನ ಎಡಮಂಡಿ ನೋಡಿದರೆ ಅದೇ ಕೊನೆಯೂ ಆಗಬಹುದು ಅಂತ ನನಗೆ ಒಳಗೊಳಗೇ ಭಯ. ಅರ್ಧ ಗಂಟೆ ನಿಂತರೆ ಸಾಕು, ಗೋಡೆ ಹುಡುಕುತ್ತಾರೆ. ಗಂಡನಿಗೆ ಆಫೀಸಿನಲ್ಲಿ ರಿಲೀಸ್, ಬರೋಕಾಗಲ್ಲ. ನನಗೆ ಸಿಕ್ಕಿದ್ದು ಮೂರೇ ದಿನ ರಜೆ. ಎಂಟು ವರ್ಷದ ಮಗನಿಗೆ ತಾತನ ಜೊತೆಗೇ ಹ್ಯಾರಿ ಪಾಟರ್ ರೈಲು ಹತ್ತಬೇಕು.

ಮೊದಲು ಹೈವೇ ಪಕ್ಕದ ಹೋಟೆಲ್ ಬುಕ್ ಮಾಡಿದ್ದೆ. ರಾತ್ರಿಗೆ 110 ಡಾಲರ್, ತಿಂಡಿ ಫ್ರೀ. ಆಮೇಲೆ ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಎಕ್ಸೆಲ್ ಶೀಟ್ ತೆಗೆದು ಕೂತೆ. (ನಗಬೇಡಿ, ನೀವೂ ಮಾಡ್ತೀರಿ.)

ಯುನಿವರ್ಸಲ್‌ನ ಪೋರ್ಟೊಫಿನೊ ಬೇ, ಹಾರ್ಡ್ ರಾಕ್, ರಾಯಲ್ ಪೆಸಿಫಿಕ್ ಈ ಮೂರು ಹೋಟೆಲುಗಳಲ್ಲಿ ತಂಗಿದರೆ, ಕೋಣೆಯಲ್ಲಿರುವ ಪ್ರತಿಯೊಬ್ಬರಿಗೂ ಎಕ್ಸ್‌ಪ್ರೆಸ್ ಅನ್‌ಲಿಮಿಟೆಡ್ ಪಾಸ್ ಬಾಡಿಗೆಯಲ್ಲೇ ಸೇರಿರುತ್ತದೆ. ಅಂದರೆ ಹೆಚ್ಚಿನ ರೈಡ್‌ಗಳಲ್ಲಿ ಚಿಕ್ಕ ಕ್ಯೂ, ಎಷ್ಟು ಸಲ ಬೇಕಾದರೂ. ಗಮ್ಮತ್ತು ಇರುವುದು ದಿನಗಳ ಲೆಕ್ಕದಲ್ಲಿ. ಪಾಸು ಚೆಕ್-ಇನ್ ದಿನವೂ ನಡೆಯುತ್ತದೆ, ಚೆಕ್-ಔಟ್ ದಿನವೂ ನಡೆಯುತ್ತದೆ. ಕೋಣೆ ಸಿಗುವುದು ಸಂಜೆಗಾದರೂ ಬೆಳಗ್ಗೆಯೇ ಹೋಗಿ ಪಾಸು ತಗೊಂಡು ಪಾರ್ಕಿಗೆ ನುಗ್ಗಬಹುದು. ಒಂದು ರಾತ್ರಿಯ ಬಾಡಿಗೆಗೆ ಎರಡು ದಿನದ ಕ್ಯೂ ಮಾಫಿ.

ಅದೇ ಪಾಸನ್ನು ಬಿಡಿಯಾಗಿ ಕೊಂಡರೆ ರೇಟು ದಿನದಿನಕ್ಕೆ ಬದಲಾಗುತ್ತದೆ. ನಾನು ನೋಡಿದಾಗ ತಲೆಗೆ ಸುಮಾರು 180 ಡಾಲರ್ ಇತ್ತು. ನಾಲ್ಕು ಜನ, ಎರಡು ದಿನ, 1,440 ಡಾಲರ್. ಕೋಣೆ ತೆರಿಗೆ ಸೇರಿ 500ರ ಆಸುಪಾಸು. ಹೈವೇ ಹೋಟೆಲ್ ಕ್ಯಾನ್ಸಲ್ ಮಾಡಿದೆ. ಅಪ್ಪನಿಗೆ ಮಾತ್ರ 250 ಅಂತ ಹೇಳಿದೆ.

ಒಂದು ಎಚ್ಚರಿಕೆ. ಅದೇ ಕಂಪನಿಯ ಅಗ್ಗದ ಹೋಟೆಲುಗಳೂ ಇವೆ, ಸರ್ಫ್‌ಸೈಡ್, ಡಾಕ್‌ಸೈಡ್ ಅಂತ. ಅಲ್ಲಿ ತಂಗಿದವರಿಗೆ ಬೆಳಗ್ಗೆ ಸ್ವಲ್ಪ ಮೊದಲೇ ಪ್ರವೇಶ ಸಿಗುತ್ತದೆ, ಎಕ್ಸ್‌ಪ್ರೆಸ್ ಸಿಗುವುದಿಲ್ಲ. ಬುಕ್ ಮಾಡುವಾಗ ಕಣ್ತಪ್ಪಿದರೆ ಅಷ್ಟೇ ಕಥೆ.

ಹತ್ತಿರದಲ್ಲೇ ಇರುವ ಡಿಸ್ನಿಯದು ಬೇರೆಯೇ ಆಟ. ಅವರ ಹೋಟೆಲುಗಳ ಅಗ್ಗದ ಕೋಣೆಯವರಿಗೂ ಯಾವ ಪಾರ್ಕಿಗಾದರೂ ದಿನಾ ಅರ್ಧ ಗಂಟೆ ಮೊದಲೇ ಪ್ರವೇಶ. ದುಬಾರಿ ಹೋಟೆಲಿನವರಿಗೆ ಕೆಲವು ರಾತ್ರಿ ಪಾರ್ಕು ಮುಚ್ಚಿದ ಮೇಲೂ ಎರಡು ಗಂಟೆ. ಕ್ಯೂ ಹಾರುವುದಕ್ಕೆ ಮಾತ್ರ ಎಲ್ಲರೂ ಬೇರೆ ದುಡ್ಡು ಕೊಡಬೇಕು. ಹೋಟೆಲಿನವರಿಗೆ ಸಿಗುವ ಲಾಭ ಏನಪ್ಪಾ ಅಂದರೆ, ಅವರು ಲೈಟ್ನಿಂಗ್ ಲೇನ್ ಸಮಯವನ್ನು ಏಳು ದಿನ ಮೊದಲೇ ಕಾಯ್ದಿರಿಸಬಹುದು, ಹೊರಗಿನವರು ಮೂರು ದಿನ ಮೊದಲು. ನಮ್ಮ ತತ್ಕಾಲ್ ಬುಕಿಂಗ್ ಥರ ಬೆಳಗ್ಗೆ ಏಳಕ್ಕೆ ಫೋನ್ ಹಿಡಿದು ಕೂರುವ ಕೆಲಸ. ಹೊರಗಿನವರ ಸರದಿ ಬರುವಷ್ಟರಲ್ಲಿ ಒಳ್ಳೆಯ ಸಮಯಗಳು ಖಾಲಿ.

1999ರಲ್ಲಿ ಡಿಸ್ನಿ ಫಾಸ್ಟ್‌ಪಾಸ್ ಶುರುಮಾಡಿದಾಗ ಅದು ಎಲ್ಲರಿಗೂ ಪುಕ್ಕಟೆ. ಮಷೀನಿನಿಂದ ಚೀಟಿ ತಗೊಂಡು, ಅದರಲ್ಲಿದ್ದ ಹೊತ್ತಿಗೆ ಬಂದರಾಯಿತು. 2021ರಲ್ಲಿ ಜೀನಿ ಪ್ಲಸ್ ಅಂತ ಹೆಸರಿಟ್ಟು ದುಡ್ಡು ವಸೂಲಿ ಶುರುವಾಯಿತು. ಹೋಟೆಲಿನವರಿಗಿದ್ದ ಉಚಿತ ಏರ್‌ಪೋರ್ಟ್ ಬಸ್ 2022ರ ಜನವರಿಯಲ್ಲಿ ನಿಂತುಹೋಯಿತು. 2018ರಿಂದ ಹಾಕುತ್ತಿದ್ದ ರಾತ್ರಿ ಪಾರ್ಕಿಂಗ್ ಶುಲ್ಕ 2023ರಲ್ಲಿ ಹೋಯಿತು. 2025ರಲ್ಲಿ ಚೆಕ್-ಇನ್ ದಿನ ವಾಟರ್ ಪಾರ್ಕ್ ಉಚಿತ ಅಂದರು. ಅದೇ ವರ್ಷ ಮೇ 22ಕ್ಕೆ ಯುನಿವರ್ಸಲ್ ತನ್ನ ಹೊಸ ಪಾರ್ಕ್ ಎಪಿಕ್ ಯೂನಿವರ್ಸ್ ತೆರೆಯಿತು. ಒಂದು ಕೈಯಲ್ಲಿ ಕಿತ್ತುಕೊಂಡು ಇನ್ನೊಂದು ಕೈಯಲ್ಲಿ ಕೊಡುವ ಈ ವ್ಯಾಪಾರ ನಮಗೇನೂ ಹೊಸದಲ್ಲ. ಬಿಡದಿಯ ವಂಡರ್‌ಲಾದಲ್ಲೂ ಫಾಸ್ಟ್ ಟ್ರ್ಯಾಕ್ ಟಿಕೆಟ್ ಇದೆ, ಪಕ್ಕದಲ್ಲೇ ರೆಸಾರ್ಟ್ ಇದೆ.

ಸರಿ, ಹೊರಟೆವು. ಹೋಟೆಲಿನಿಂದ ಪಾರ್ಕಿನ ಕಡೆಗೆ ದೋಣಿ. ಅಪ್ಪ ಖುಷಿಯಾಗಿ ಮುಂದೆ ಹೋಗಿ ಕೂತರು. ಸಮಸ್ಯೆ ಶುರುವಾಗಿದ್ದು ಮೊದಲ ರೈಡಿನ ಬಾಗಿಲಲ್ಲಿ. ನಾವು ಹತ್ತು ನಿಮಿಷದಲ್ಲಿ ಒಳಗೆ ಬಂದುಬಿಟ್ಟಿದ್ದೆವು. ಎರಡು ಕ್ಯೂ ಸೇರುವ ಜಾಗ ಅದು. ಪಕ್ಕದ ಕ್ಯೂನ ಮುಂದೆ ಹನ್ನೆರಡು ವರ್ಷದ ಒಂದು ಹುಡುಗಿ, ಸೊಂಟದ ಮೇಲೆ ತಮ್ಮನನ್ನು ಎತ್ತಿಕೊಂಡು ನಿಂತಿದ್ದಳು. ತಮ್ಮನಿಗೆ ನಿದ್ದೆ. ಸಿಬ್ಬಂದಿ ನಮ್ಮ ಕಡೆಯವರನ್ನು ಬಿಡುತ್ತಲೇ ಇದ್ದ. ಅಪ್ಪ ಹಳೇ ಅಭ್ಯಾಸದಲ್ಲಿ ತಲೆ ಎಣಿಸುತ್ತಿದ್ದರು.

“ನಮ್ ಕಡೆಯಿಂದ ಹದಿನಾಲ್ಕು, ಆ ಕಡೆಯಿಂದ ನಾಲ್ಕು. ಅವ್ರು ಯಾವಾಗಿಂದ ನಿಂತವ್ರೆ ಪುಟ್ಟಿ?”

ಬೋರ್ಡಿನಲ್ಲಿ 80 ನಿಮಿಷ ಅಂತಿತ್ತು. ನಾನು ಹೇಳಲಿಲ್ಲ. “ಅಪ್ಪಾ, ಇದಕ್ಕೂ ದುಡ್ಡು ಕೊಟ್ಟಿದೀವಿ” ಅಂದೆ.

“ಓ. ಹಂಗಾದ್ರೆ ಟವೆಲ್ ಹೋಟ್ಲು ಅನ್ನು.”

ಅಮ್ಮ ಮಧ್ಯೆ ಬಂದರು. “ತಿರುಪತೀಲಿ ಮುನ್ನೂರು ರೂಪಾಯಿ ಟಿಕೆಟ್ ತಗಂಡು ಹೋದಾಗ ಇಲ್ದಿದ್ದು ಇಲ್ಲೇನ್ರೀ?” ಅಪ್ಪ ಉತ್ತರ ಕೊಡಲಿಲ್ಲ. ಆದರೆ ನಡೆದರು. ಆ ಎರಡು ದಿನದಲ್ಲಿ ಒಂಬತ್ತು ರೈಡ್ ಆಯಿತು, ಹ್ಯಾರಿ ಪಾಟರ್ ರೈಲು ಎರಡು ಸಲ. ರೈಲಿನಲ್ಲಿ ಟಿಕೆಟ್ ಕೇಳುವವರೇ ಇಲ್ಲವಲ್ಲ ಅಂತ ಅಪ್ಪ ಮೊಮ್ಮಗನ ಕೈಗೆ ಚೂರು ಕಾಗದ ಹರಿದು ಕೊಟ್ಟರು. ಮಧ್ಯಾಹ್ನ ಮಳೆ ಬಂದರೆ ಕೋಣೆಗೆ ಹೋಗಿ ಮಲಗೋದು, ಸಂಜೆ ಮತ್ತೆ ಬರೋದು. ಮಂಡಿ ನೋವು ಅನ್ನುವ ಮಾತೇ ಬರಲಿಲ್ಲ.

ಮೂರನೇ ದಿನ ಎಪಿಕ್ ಯೂನಿವರ್ಸ್. ಅಲ್ಲಿಗೆ ಆ ಮೂರು ಹೋಟೆಲುಗಳ ಎಕ್ಸ್‌ಪ್ರೆಸ್ ನಡೆಯುವುದಿಲ್ಲ, ಬೇರೆಯೇ ಕೊಳ್ಳಬೇಕು. ನನ್ನ ಬಜೆಟ್ ಮುಗಿದಿತ್ತು. ಅಪ್ಪ, “ಎಲ್ರ ಥರ ನಿಲ್ಲಾಣ, ಏನೀಗ” ಅಂದರು, ಸ್ವಲ್ಪ ಹುರುಪಿನಲ್ಲೇ.

ಮಾರಿಯೊ ಕಾರ್ಟ್, 75 ನಿಮಿಷ. ಮೊದಲ ಇಪ್ಪತ್ತು ನಿಮಿಷ ಚೆನ್ನಾಗಿತ್ತು. ಹಿಂದೆ ಡಲ್ಲಾಸ್‌ನಿಂದ ಬಂದ ತೆಲುಗು ದಂಪತಿ, ಅಮ್ಮನ ಕೋಡುಬಳೆ ಅವರ ಕೈಗೂ ಹೋಯಿತು. ನಲವತ್ತನೇ ನಿಮಿಷಕ್ಕೆ ಅಪ್ಪ ರೇಲಿಂಗ್‌ಗೆ ಒರಗಿದರು. ಪಕ್ಕದಲ್ಲಿ ಎಕ್ಸ್‌ಪ್ರೆಸ್‌ನವರು ನಗುತ್ತಾ ಹೋಗುತ್ತಿದ್ದರು, ನಿನ್ನೆ ನಾವು ಹೋದ ಹಾಗೇ. ಐವತ್ತಕ್ಕೆ, “ನೀವು ಹೋಗ್ಬನ್ನಿ, ನಾನು ಹೊರಗೆ ಕೂತಿರ್ತೀನಿ” ಅಂದರು. ಅಮ್ಮನೂ ಜೊತೆಗೆ ಹೋದರು. ಆ ಕಾರ್ಟಿನಲ್ಲಿ ನಾಲ್ಕು ಸೀಟು. ಇನ್ನೆರಡರಲ್ಲಿ ಯಾರೋ ಬಂದು ಕೂತರು. ಮಗ ರೈಡ್ ಮುಗಿಯುವವರೆಗೂ ಒಂದು ಮಾತೂ ಆಡಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಅಪ್ಪ ಕೇಳಿದರು, “ಆ ಟವೆಲ್ ಹೋಟ್ಲಿಗೆ ನಿಜ್ವಾಗ್ಲೂ ಎಷ್ಟು ಕೊಟ್ಟೆ?”

ಹೇಳಿದೆ. ಅವರು ಬೆರಳು ಮಡಚಿ ರೂಪಾಯಿಗೆ ಗುಣಿಸಿದರು. ಬೈಯುತ್ತಾರೆ ಅಂದುಕೊಂಡೆ. ಗೇನ್ಸ್‌ವಿಲ್ ದಾಟುವವರೆಗೂ ಸುಮ್ಮನೆ ಮಂಡಿ ಸವರುತ್ತಾ ಕೂತಿದ್ದರು.

“ಆ ತಮ್ಮನ್ನ ಎತ್ಕಂಡಿದ್ಲಲ್ಲ ಆ ಹುಡುಗಿ,” ಅಂದರು ಆಮೇಲೆ, “ನಮ್ ಹಿಂದೇನೇ ಬಿಟ್ರಾ ಅವಳನ್ನ? ನೀನೇನಾದ್ರೂ ನೋಡಿದ್ಯಾ?”

ನಾನು ನೋಡಿರಲಿಲ್ಲ.