ಇಂಗಿತವನ್ನು ಅರಿಯುವ ಬಗೆ

ಒಬ್ಬರ ಮನಸ್ಸು ಇನ್ನೊಬ್ಬರ ಕಣ್ಣಿಗೆ ಕಾಣುವ ವಸ್ತುವಲ್ಲ. ಕಾಣುವುದು ಕೈಯ ಚಲನೆ, ಕಣ್ಣಿನ ನೋಟ, ಮುಖದ ಭಾವ ಇಷ್ಟೇ. ಆದರೂ ಅವುಗಳ ಹಿಂದಿನ ಉದ್ದೇಶವನ್ನು ನಾವು ಕ್ಷಣಮಾತ್ರದಲ್ಲಿ ಊಹಿಸುತ್ತೇವೆ. ಕನ್ನಡವೂ ಮರಾಠಿಯೂ ಕೂಡಿ ಬಾಳುವ ನಮ್ಮ ಕರಜಗಿಯಂಥ ಗಡಿಯ ಊರುಗಳಲ್ಲಿ ಇದು ನಿತ್ಯದ ಅನುಭವ. ಕನ್ನಡ ಬಾರದ ದಾರಿಹೋಕನು ಬಾಗಿಲಲ್ಲಿ ನಿಂತು ಬೊಗಸೆಯನ್ನು ಬಾಯಿಯ ಬಳಿಗೊಯ್ದರೆ ಸಾಕು. ಮನೆಯ ಮಗುವು ಒಳಗೋಡಿ ನೀರಿನ ತಂಬಿಗೆ ತರುತ್ತದೆ. ಹೀಗೆ ಮಾತಿಲ್ಲದೆ ತಿಳಿಯುವ ಮನದ ಭಾವವನ್ನು ನಮ್ಮ ಹಿರಿಯರು ‘ಇಂಗಿತ’ವೆಂದು ಕರೆದರು.

ಮಿದುಳು ಇದನ್ನು ಹೇಗೆ ಸಾಧಿಸುತ್ತದೆ? 1990ರ ದಶಕದಲ್ಲಿ ಇಟಲಿಯ ಪಾರ್ಮಾ ನಗರದ ಜಾಕೊಮೊ ರಿಜ್ಜೊಲಾಟಿ ಮತ್ತು ಅವರ ಸಂಗಡಿಗರು ಮಂಗಗಳ ಮಿದುಳಿನಲ್ಲಿ ವಿಶೇಷ ಗುಣದ ಕೆಲವು ನರಕೋಶಗಳನ್ನು ಕಂಡರು. ಮಂಗವು ತಾನೇ ಒಂದು ವಸ್ತುವನ್ನು ಹಿಡಿದಾಗ ಚುರುಕಾಗುತ್ತಿದ್ದ ಆ ಕೋಶಗಳು, ಬೇರೊಬ್ಬರು ಹಿಡಿಯುವುದನ್ನು ಸುಮ್ಮನೆ ನೋಡಿದಾಗಲೂ ಚುರುಕಾಗುತ್ತಿದ್ದವು. ಇವುಗಳಿಗೆ ‘ಕನ್ನಡಿ ನರಕೋಶ’ಗಳೆಂದು ಹೆಸರಾಯಿತು. 2005ರಲ್ಲಿ ಇನ್ನೊಂದು ಸಂಗತಿ ಪ್ರಕಟವಾಯಿತು: ತಿನ್ನುವುದಕ್ಕಾಗಿ ಹಿಡಿದಾಗ ಸ್ಪಂದಿಸುವ ಕೋಶಗಳಲ್ಲಿ ಅನೇಕವು, ಪಾತ್ರೆಯಲ್ಲಿಡುವುದಕ್ಕಾಗಿ ಹಿಡಿದಾಗ ಅಷ್ಟಾಗಿ ಸ್ಪಂದಿಸಲಿಲ್ಲ. ಹಿಡಿತವು ಒಂದೇ, ಉದ್ದೇಶವು ಬೇರೆ.

ಆದರೆ ಈ ಕೋಶಗಳಿಂದಲೇ ಎಲ್ಲವೂ ತಿಳಿಯುವುದೆಂದು ಹೇಳಲಾಗದು. ಆ ವಿಷಯದಲ್ಲಿ ವಿಜ್ಞಾನಿಗಳ ಚರ್ಚೆ ಇನ್ನೂ ಮುಗಿದಿಲ್ಲ. ಸಂದರ್ಭವನ್ನು ತೂಗಿನೋಡುವ ಶಕ್ತಿಯೂ ಬೇಕು. ಅದು ಎಳೆಯ ಕೂಸಿನಲ್ಲಿಯೂ ಉಂಟು. 2002ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, 14 ತಿಂಗಳ ಕೂಸುಗಳ ಮುಂದೆ ಒಬ್ಬರು ಹಣೆಯಿಂದ ಒತ್ತಿ ದೀಪವನ್ನು ಬೆಳಗಿಸಿದರು. ಅವರ ಕೈಗಳು ಬಿಡುವಾಗಿದ್ದಾಗ ಹೆಚ್ಚಿನ ಕೂಸುಗಳು ತಾವೂ ಹಣೆಯಿಂದಲೇ ಒತ್ತಿದವು. ಕೈಗಳು ಹೊದಿಕೆಯನ್ನು ಹಿಡಿದುಕೊಂಡಿದ್ದಾಗಲಾದರೋ ಹೆಚ್ಚಿನವು ಕೈಯಿಂದ ಒತ್ತಿದವು. ‘ಕೈ ತೆರವಿಲ್ಲದುದರಿಂದ ಹಾಗೆ ಮಾಡಿದರು’ ಎಂಬುದನ್ನು ಕೂಸೂ ಅರಿಯುವಂತೆ ತೋರುತ್ತದೆ.

ಪರರ ತಪ್ಪು ತಿಳಿವಳಿಕೆಯನ್ನು ಊಹಿಸುವುದು ಇನ್ನೂ ಕಠಿಣ. ಒಬ್ಬಳು ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತಾಳೆ. ಇನ್ನೊಬ್ಬಳು ಅದನ್ನು ಪೆಟ್ಟಿಗೆಗೆ ಸಾಗಿಸುತ್ತಾಳೆ. ಮರಳಿ ಬಂದವಳು ಎಲ್ಲಿ ಹುಡುಕುವಳು? ಮೂರು ವರ್ಷದ ಮಕ್ಕಳಲ್ಲಿ ಬಹುಪಾಲು ‘ಪೆಟ್ಟಿಗೆಯಲ್ಲಿ’ ಎನ್ನುತ್ತಾರೆ. ನಾಲ್ಕೈದರ ವಯಸ್ಸಿಗೆ ‘ಬುಟ್ಟಿಯಲ್ಲಿ’ ಎನ್ನಲು ಕಲಿಯುತ್ತಾರೆ. 1985ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಸ್ವಲೀನತೆಯುಳ್ಳ 20 ಮಕ್ಕಳಲ್ಲಿ 16 ಮಂದಿಗೆ ಸರಿಯುತ್ತರ ದೊರೆಯಲಿಲ್ಲ. ಆದುದರಿಂದ ಪಾಲಕರು ಗಮನಿಸತಕ್ಕ ಮಾತೊಂದಿದೆ: ಇತರರ ಮನವನ್ನರಿಯದೆ ವರ್ತಿಸುವ ಮಗುವೆಲ್ಲ ಉದ್ಧಟ ಮಗುವಲ್ಲ. ಅದಕ್ಕೆ ಬೇಕಾದುದು ಪೆಟ್ಟಲ್ಲ, ಬಿಡಿಸಿ ಹೇಳುವ ತಾಳ್ಮೆ.

ಬಲ್ಲವರ ಊಹೆಯೂ ತಪ್ಪುವುದುಂಟು. ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದವನನ್ನು ಜನರು ಏನೆಂದು ಬಗೆದರೆಂಬುದನ್ನು ಗಾದೆಯೇ ಸಾರುತ್ತದೆ. ನೆರೆಯವನ ಪುಸ್ತಕವನ್ನು ಕೈಗೆತ್ತಿಕೊಂಡ ಬಾಲಕನು ಕದಿಯಲೆಂದೇ ಎತ್ತಿದನೆನ್ನಲಾಗದು. ಕೆಳಗೆ ಬಿದ್ದುದನ್ನು ಎತ್ತಿಡುತ್ತಿರಬಹುದು. ಮಿದುಳು ಕೊಡುವುದು ಊಹೆಯನ್ನು ಮಾತ್ರ, ತೀರ್ಪನ್ನಲ್ಲ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಹಿರಿಯರ ಮಾತನ್ನು ಪಾಲಿಸೋಣ. ದೂಷಿಸುವುದಕ್ಕೆ ಮೊದಲು, ‘ಏಕೆ ಹೀಗೆ ಮಾಡಿದೆಯಪ್ಪಾ?’ ಎಂದು ಒಮ್ಮೆ ಕೇಳೋಣ.